ಹುಳ ಸಾಕುವ ಪವಿತ್ರ

ಹೊಗೆಸೊಪ್ಪು ತಿನ್ನುವ ಹುಳಕ್ಕೆ ಮುಂದೆ ರೆಕ್ಕೆ ಬರುತ್ತದೆ. ಪಿರಿಯಾಪಟ್ಟಣದಲ್ಲಿ ತಲೆಮಾರುಗಳಿಂದ ಹೊಗೆಸೊಪ್ಪು ಬೆಳೆದು ಉಂಡವರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು. ನಮಗೆ ಗೊತ್ತಿರುವುದು ಔಷಧಿ ಹೊಡೆಯುವುದು, ಉಳಿದದ್ದನ್ನು ಕಾಲಲ್ಲಿ ಹೊಸಕುವುದು.

ಬೆಟ್ಟದಪುರದ ಪಕ್ಕದೂರಿನ ನಿಂಗಯ್ಯನವರ ಮಗಳು ಪವಿತ್ರ ಆ ಹುಳಗಳನ್ನು ಸಾಕುತ್ತಾಳೆ. ವಯಸ್ಸು ಇಪ್ಪತ್ತನಾಲ್ಕು, ಬಿ.ಕಾಂ. ಮುಗಿದಿದೆ. ಬಿಸ್ಕತ್ತಿನ ಡಬ್ಬಕ್ಕೆ ಮಣ್ಣು, ಎಲೆ ಹಾಕಿ, ಹುಳ ಮಣ್ಣಿಗಿಳಿದು ಕೋಶವಾಗಿ, ಒಂದು ಸಂಜೆ ಪತಂಗವಾಗಿ ಹೊರಬರುವುದನ್ನು ನೋಡುತ್ತಾ ಕೂರುತ್ತಾಳೆ. ಯಾಕೆ ಎಂದು ಎಲ್ಲರೂ ಅವಳನ್ನು ಕೇಳುತ್ತಾರೆ. ಕ್ರಿಕೆಟ್ ನೋಡುವವನನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ.

ಊರು ಅವಳಿಗೆ ಹುಳದಮ್ಮ ಎಂದು ಹೆಸರಿಟ್ಟಿತು. ಜೊತೆಗೆ ಓದಿದವರು ಫೋನ್ ಎತ್ತುವುದನ್ನು ಬಿಟ್ಟರು. ಅವಳಿಗೆ ಬೇಸರವೂ ಆಗುತ್ತಿರಲಿಲ್ಲ; ಆಗುವ ಜಾಗ ಮರಗಟ್ಟಿತ್ತು.

ಆಗಸ್ಟಿನಲ್ಲಿ ಕೆ.ಆರ್. ನಗರದಿಂದ ಹೆಣ್ಣು ನೋಡಲು ಬಂದರು. ಡಬ್ಬಗಳು ಯಾರ ಕಣ್ಣಿಗೂ ಬೀಳಬಾರದು ಎಂದು ತಾಯಿ ಚಾಮುಂಡಮ್ಮ ಹಿಂದಿನ ದಿನವೇ ಹೇಳಿದ್ದರು. ಸೊಪ್ಪನ್ನು ಒಲೆಯ ಬಿಸಿಯಲ್ಲಿ ಬೇಯಿಸಿ ಒಣಗಿಸುವ ಕೋಣೆ, ಬ್ಯಾರನ್ನು, ಆಗಷ್ಟೇ ಖಾಲಿಯಾಗಿತ್ತು. ಇನ್ನೆರಡು ದಿನ ಅದಕ್ಕೆ ಬೆಂಕಿಯಿಲ್ಲ ಎಂದುಕೊಂಡು ಪವಿತ್ರ ಡಬ್ಬಗಳನ್ನು ಅದರ ಕತ್ತಲ ಮೂಲೆಯಲ್ಲಿಟ್ಟಳು. ಆದರೆ ಮಾರನೆಯ ದಿನ ಮೋಡ ಕಟ್ಟಿತು. ಕಡ್ಡಿಗೆ ಕಟ್ಟಿಟ್ಟ ಸೊಪ್ಪು ನೆನೆದೀತೆಂದು ನಿಂಗಯ್ಯ ಅಷ್ಟನ್ನೂ ಒಳಗೇರಿಸಿ ಒಲೆ ಹಚ್ಚಿಸಿದರು. ಆ ಹೊತ್ತಿಗೆ ಅವಳು ರೇಷ್ಮೆ ಸೀರೆಯುಟ್ಟು ಕಾಫಿ ಕೊಡುತ್ತಿದ್ದಳು.

ನೆಂಟರು ಹೋದ ಮೇಲೆ ಬ್ಯಾರನ್ನಿನ ಹೊಗೆ ಕಂಡು, ಬಾಗಿಲು ತೆಗೆಯಲು ಅಪ್ಪನನ್ನು ಕೇಳಿದಳು. ಬಿಸಿಯೇರಿದ ಬ್ಯಾರನ್ನಿನ ಬಾಗಿಲು ತೆಗೆದರೆ ಸೊಪ್ಪಿನ ಬಣ್ಣ ಕೆಡುತ್ತದೆ.

“ಉಳಕ್ಕೋಸ್ಕರ ಬಾಗ್ಲು ತೆಗುದ್ರೆ ಊರೋರು ಉಗೀತಾರೆ ಕಣವ್ವ, ಬುಡು,” ಎಂದರು ನಿಂಗಯ್ಯ.

ಅವಳು ಅಳಲಿಲ್ಲ. ಬ್ಯಾರನ್ನಿನ ಗೋಡೆಗೆ ಒರಗಿ ಕೂತಳು. ಗೋಡೆ ಬೆಚ್ಚಗಾಯಿತು, ಆಮೇಲೆ ಸುಟ್ಟಿತು. ಸರಿದು ಕೂತಳು.

ಅದನ್ನು ಕಂಡವಳು ಸುಕನ್ಯ, ಊರಾಚೆ ಕೇರಿಯ ದೇವಯ್ಯನ ಮಗಳು, ಇಲ್ಲಿ ಕೂಲಿಗೆ ಸೊಪ್ಪು ಕಟ್ಟುವವಳು. ಆ ಕೇರಿಯವರು ಈ ಮನೆಯ ಜಗುಲಿ ಹತ್ತುವುದಿಲ್ಲ. ಏನಾಯಿತೆಂದು ಕೇಳಿ ತಿಳಿದುಕೊಂಡಳು. ಮಾರನೆಯ ದಿನ ಸೀರೆಯ ಮೇಲೆ ತೊಟ್ಟ ಶರಟಿನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದಳು. ಒಳಗೆ ಎರಡು ಹುಳ.

“ತಕೊ. ನಂಗೂ ತುಳಿಯಕ್ಕಾಗಕಿಲ್ಲ ಕಣಕ್ಕಾ. ಯಾರ್ಗೂ ಕಾಣ್ದಂಗೆ ಬೇಲಿಗ್ ಬುಡ್ತಿದ್ದೆ. ನೀನು ಹುಚ್ಚಿ ಅನ್ನುಸ್ಕಂಡು ಸಾಕ್ತೀಯ, ನಾನು ಕಳ್ಳಿ.”

ಪವಿತ್ರಳಿಗೆ ನಗು ಬಂತು. ಬಂದದ್ದು ಅವಳಿಗೇ ಅಪರಿಚಿತವಾಗಿತ್ತು.

ಆ ಎರಡನ್ನು ಇಬ್ಬರೂ ಸೇರಿ ಸಾಕಿದರು, ಜಗುಲಿಯ ಮೇಲೆ. ಪವಿತ್ರಳೇ ಕೈ ಹಿಡಿದು ಸುಕನ್ಯಳನ್ನು ಹತ್ತಿಸಿಕೊಂಡಳು. ಚಾಮುಂಡಮ್ಮ ಕಂಡೂ ಕಾಣದಂತೆ ಒಳಗೆ ಹೋದರು. ಕೆ.ಆರ್. ನಗರದ ಸಂಬಂಧ ಕೂಡಿಬರಲಿಲ್ಲ. ಗಾವಡಗೆರೆಯಿಂದ ಇನ್ನೊಂದು ಗಂಡಿನ ಕಡೆಯವರು ಬಂದಾಗ ಡಬ್ಬವೂ ಅಲ್ಲೇ, ಸುಕನ್ಯಳೂ ಅಲ್ಲೇ. ಡಬ್ಬದಲ್ಲೇನು ಎಂದು ಕೇಳಿದರು. ಪವಿತ್ರ ಹೇಳಿದಳು. ಇವಳು ಯಾರ ಮಗಳು ಎಂದು ಕೇಳಿದರು. ಅದನ್ನೂ ಹೇಳಿದಳು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

“ನಾನು ಎದ್ದೋಗ್ಬೇಕಿತ್ತು ಕಣಕ್ಕಾ,” ಎಂದಳು ಸುಕನ್ಯ.

“ಕೂತ್ಕೊ,” ಎಂದಳು ಪವಿತ್ರ.

ಈಗ ನಿಂಗಯ್ಯ ಆ ಹುಡುಗಿಯ ಕೂಲಿ ಬಿಡಿಸುತ್ತೇನೆ ಎನ್ನುತ್ತಿದ್ದಾರೆ. ಊರು ಅವರ ಕಡೆಗಿದೆ. ಪವಿತ್ರ ಬಗ್ಗಿಲ್ಲ, ಇಬ್ಬರೂ ದಿನಾ ಅಲ್ಲೇ ಕೂರುತ್ತಾರೆ. ಪಿರಿಯಾಪಟ್ಟಣದವರೇ, ನೀವು ಆ ದಾರಿಯಲ್ಲಿ ಓಡಾಡುವವರು, ನಿಂಗಯ್ಯನವರ ಮನೆಯಲ್ಲಿ ಉಂಡವರು. ಈ ವಾರವೇ ಹೋಗಿ. ಆ ಜಗುಲಿ ಹತ್ತಿ, ಎಲ್ಲರೂ ನೋಡುವ ಹಾಗೆ, ಸುಕನ್ಯಳ ಪಕ್ಕದಲ್ಲಿ ಕೂತುಕೊಳ್ಳಿ.