ಸಾಮಾನು ಕಾಯುತ್ತಿದ್ದ ಅಕ್ಕ

2023ರ ಏಪ್ರಿಲ್ ತಿಂಗಳು. ಬನಶಂಕರಿಯ ಹೈಸ್ಕೂಲೊಂದರಿಂದ ನಾನು ನಿವೃತ್ತಳಾಗಿ ಒಂದು ವರ್ಷವಾಗಿತ್ತು. ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವಳು ನಾನು. ಗ್ರೀಸ್ ದೇಶದ ಹಳೆಯ ದೇವಾಲಯಗಳ ಕಂಬಗಳನ್ನು ಬೋರ್ಡಿನ ಮೇಲೆ ಅದೆಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಕಣ್ಣಾರೆ ಮಾತ್ರ ಒಂದನ್ನೂ ನೋಡಿರಲಿಲ್ಲ. ಒಂದು ದಿನ ಮಗಳು ಮೇಘನಾ, "ಅಮ್ಮಾ, ಸುಮ್ನೆ ಆಸೆ ಪಡ್ತಾ ಕೂತಿರ್ಬೇಡ. ಗೌರಿ ಹಬ್ಬ ಮುಗಿಸ್ಕೊಂಡು ಒಂದು ವಾರ ಹೋಗ್ಬಿಟ್ಟು ಬರೋಣ. ನಿಂಗೆ ಹಳೇ ಕಲ್ಲು, ನಂಗೆ ಬೀಚು" ಎಂದಳು. ನಮ್ಮ ಯಜಮಾನರು ಎಲ್ಲಿಗೆ ಕರೆದರೂ ಬರುವ ಜಾತಿ. ಮೂವರಾದೆವು.

ನಾಲ್ಕನೆಯವಳು ನಮ್ಮಕ್ಕ ಗಂಗಾಂಬಿಕೆ. ನನಗಿಂತ ಆರು ವರ್ಷ ದೊಡ್ಡವಳು. ಚಿಕ್ಕಲಸಂದ್ರದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡು ಇವತ್ತಿಗೂ ಬ್ಲೌಸು ಹೊಲಿಯುತ್ತಾಳೆ. ಭಾವ ತೀರಿಕೊಂಡ ಮೇಲೆ ಅವಳು ಎಲ್ಲಿಗೂ ಹೋದವಳಲ್ಲ. "ಪಾಸ್‌ಪೋರ್ಟ್ ಮಾಡಿಸ್ಕೋ ಅಕ್ಕ, ವಿಮಾನದಲ್ಲಿ ಹೋಗೋಣ" ಎಂದೆ. ಎಲ್ಲಿಗೆ, ಯಾಕೆ ಎಂದು ಒಂದು ಮಾತೂ ಕೇಳದೆ ಮಾಡಿಸಿಕೊಂಡಳು.

ಇನ್ನು ತಯಾರಿ ನನ್ನ ಕೈಗೆ ಬಂತು. ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಟೈಮ್‌ಟೇಬಲ್ ಹಾಕಿದವಳು ನಾನೇ. ಖಾಲಿ ಪೀರಿಯಡ್ ಕಂಡರೆ ನನಗೆ ಮೈ ಉರಿಯುತ್ತದೆ. ದೊಡ್ಡ ಡ್ರಾಯಿಂಗ್ ಹಾಳೆ ತಂದು ಏಳು ದಿನಕ್ಕೆ ಏಳು ಸಾಲು ಎಳೆದೆ. ಮೊದಲೆರಡು ದಿನ ಅಥೆನ್ಸ್, ಗುಡ್ಡದ ಮೇಲಿನ ದೇವಾಲಯ, ವಸ್ತುಸಂಗ್ರಹಾಲಯ. ಆಮೇಲೆ ಹಡಗಿನಲ್ಲಿ ಕ್ರೀಟ್ ದ್ವೀಪ. ಅಲ್ಲಿ ಬೆಳಗ್ಗೆ ಹತ್ತರಿಂದ ಹನ್ನೆರಡು ಕಡಲು, ಮಧ್ಯಾಹ್ನ ಮೂರೂವರೆ ಸಾವಿರ ವರ್ಷದ ಹಳೆಯ ಅರಮನೆ. ಪಕ್ಕದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾಲಂ, ಯಾರ ಜವಾಬ್ದಾರಿ ಏನು ಅಂತ. ಯಜಮಾನರಿಗೆ ಪಾಸ್‌ಪೋರ್ಟು ಮತ್ತು ಫೋಟೊ. ಮೇಘನಾಗೆ ಟಿಕೆಟ್ಟು, ದಾರಿ. ನನಗೆ ಉಳಿದೆಲ್ಲ.

ಒಂದು ಭಾನುವಾರ ಅಕ್ಕನನ್ನು ಜೆ.ಪಿ. ನಗರದ ನಮ್ಮ ಮನೆಗೆ ಊಟಕ್ಕೆ ಕರೆದೆ. ಮಾವಿನಕಾಯಿ ಚಿತ್ರಾನ್ನ ಮುಗಿದ ಮೇಲೆ ಹಾಳೆಯನ್ನು ಹಾಲ್ ಗೋಡೆಗೆ ಅಂಟಿಸಿ, ಕೈಯಲ್ಲಿ ಸ್ಕೇಲ್ ಹಿಡಿದು ವಿವರಿಸತೊಡಗಿದೆ. "ಇನ್ನು ಹಾಜರಿ ಕೂಗೋದೊಂದು ಬಾಕಿ" ಎಂದರು ಯಜಮಾನರು. ಮೇಘನಾ ನಕ್ಕಳು. ಅಕ್ಕ ನಗಲಿಲ್ಲ. ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋಗಿ ತನ್ನ ಕಾಲಂ ಓದುತ್ತಾ ನಿಂತಳು.

"ಮೂರು ದಿನ ಸಮುದ್ರ ಇದೆ" ಎಂದಳು. "ಮೂರೂ ದಿನ ನನ್ನ ಹೆಸರಿನ ಮುಂದೆ 'ಸಾಮಾನು' ಅಂತ ಬರ್ದಿದ್ದೀಯ."

"ಹೂಂ ಅಕ್ಕ. ನಾವು ಮೂರು ಜನ ನೀರಿಗೆ ಇಳಿದಾಗ ಬ್ಯಾಗ್ ನೋಡ್ಕೊಳೋರು ಬೇಕಲ್ಲ. ಪಾಸ್‌ಪೋರ್ಟ್ ಎಲ್ಲ ಇರತ್ತೆ."

"ನಾನು ಇಳಿಯಲ್ಲ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನೀನು ಯಾವತ್ತೂ ಇಳಿದಿಲ್ವಲ್ಲ."

ಅಕ್ಕ ಕನ್ನಡಕ ತೆಗೆದಳು. "ಯಾರಾದ್ರೂ ಒಂದ್ಸಲ ಬಾ ಅಂತ ಕರೆದಿದ್ರೇನೆ ಉಮಾ?"

ಯಜಮಾನರು ತಲೆಯೆತ್ತಿ ಫ್ಯಾನ್ ನೋಡತೊಡಗಿದರು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ತಪ್ಪು ನನ್ನದು ಅಂತ ಗೊತ್ತಾದಾಗಲೇ ನನ್ನ ದನಿ ಏರುವುದು. "ಅಯ್ಯೋ, ಅದನ್ಯಾಕೆ ಇಷ್ಟು ದೊಡ್ಡದು ಮಾಡ್ತೀಯ? ನಿಂಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ" ಎಂದುಬಿಟ್ಟೆ.

"ಸರಿ ಬಿಡು. ನನ್ನ ಹೆಸರು ತೆಗೆದುಹಾಕು. ಸಾಮಾನಿಗೆ ಒಂದು ಬೀಗ ತಗೊಂಡು ಹೋಗಿ" ಎಂದು ಅಕ್ಕ ಬ್ಯಾಗೆತ್ತಿಕೊಂಡು ಹೊರಟೇಬಿಟ್ಟಳು. ಬಿಟ್ಟುಬರುತ್ತೇನೆ ಎಂದು ಮೇಘನಾ ಸ್ಕೂಟರ್ ಕೀ ಹಿಡಿದು ಹಿಂದೆಯೇ ಓಡಿದಳು. ಅಕ್ಕ ಆಟೋ ಹತ್ತಿ ಹೋಗಿಯಾಗಿತ್ತು.

ಅವತ್ತು ಸಂಜೆ ಬೀರುವಿನ ಮೇಲಿದ್ದ ಆಲ್ಬಮ್ಮುಗಳನ್ನೆಲ್ಲ ಕೆಳಗಿಳಿಸಿದೆ. ಅಕ್ಕ ನೀರಿನಲ್ಲಿರುವ ಒಂದೇ ಒಂದು ಫೋಟೊ ಸಿಕ್ಕರೆ ಸಾಕು, ಫೋನು ಮಾಡಿ "ನೋಡು, ಇಳಿದಿದ್ದೀಯ" ಅನ್ನಬೇಕು ಅಂತ ನನ್ನ ಹಟ. ಸಿಕ್ಕ ಮೊದಲ ಫೋಟೊ ಮಲ್ಪೆಯದು. ಆಗ ನನಗೆ ಎಂಟು ವರ್ಷ, ಅಕ್ಕನಿಗೆ ಹದಿನಾಲ್ಕು. ನಾವಿದ್ದದ್ದು ಜಯನಗರದಲ್ಲಿ, ಸುತ್ತ ಇನ್ನೂ ಖಾಲಿ ಸೈಟುಗಳೇ ಹೆಚ್ಚು. ಅಪ್ಪನ ಕಾರ್ಖಾನೆಯವರು ಸೇರಿ ಒಂದು ಬಸ್ಸು ಮಾಡಿಕೊಂಡು ಧರ್ಮಸ್ಥಳ, ಉಡುಪಿ ನೋಡಿ ಮಲ್ಪೆಗೆ ಹೋಗಿದ್ದೆವು. ಸಮುದ್ರ ಕಂಡ ಕೂಡಲೇ ನಾನೂ ಇಬ್ಬರು ಅಣ್ಣಂದಿರೂ ಓಡಿದೆವು. ಅಕ್ಕನೂ ಲಂಗ ಎತ್ತಿಕಟ್ಟಿ ನಾಲ್ಕು ಹೆಜ್ಜೆ ಓಡಿದ್ದಳು. ಅಷ್ಟರಲ್ಲಿ ಅಪ್ಪ ತಮ್ಮ ಹೊಸ ವಾಚನ್ನೂ ಅಮ್ಮನ ಸರವನ್ನೂ ಟವೆಲ್ಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು, "ನಮ್ಮ ಗಂಗಾ ಇದ್ರೆ ಬ್ಯಾಂಕ್ ಲಾಕರ್ ಇದ್ದಂಗೆ" ಎಂದರು. ಎಲ್ಲರೂ ಹೌದು ಹೌದು ಎಂದರು. ಅಕ್ಕ ಹಿಗ್ಗಿ ಹೀರೇಕಾಯಾಗಿ ಮರಳಿನ ಮೇಲೆ ಕೂತಳು. ಫೋಟೊದಲ್ಲಿ ಅವಳ ಸುತ್ತ ಚಪ್ಪಲಿಗಳ ರಾಶಿ ಇದೆ.

ಆ ಹೊಗಳಿಕೆಯೇ ಅವಳಿಗೆ ಮುಳುವಾಯಿತು. ತಲಕಾಡು, ಸಂಗಮ, ಮುರುಡೇಶ್ವರ, ಎಲ್ಲಿ ನೀರಿದೆಯೋ ಅಲ್ಲಿ ದಡದಲ್ಲಿ ಅಕ್ಕ. ನಮ್ಮ ಮದುವೆಗಳಾದವು, ಮಕ್ಕಳಾದವು, ಆ ಮಕ್ಕಳ ಬಟ್ಟೆಗಳೂ ಅವಳ ಮಡಿಲಿಗೇ ಬಂದವು. ನಾವು ಒದ್ದೆಯಾಗಿ ನಡುಗುತ್ತಾ ಬಂದರೆ ಅವಳ ಹತ್ತಿರ ಒಣ ಟವೆಲ್ ಇರುತ್ತಿತ್ತು, ಡಬ್ಬಿಯಲ್ಲಿ ಚಕ್ಕುಲಿ ಇರುತ್ತಿತ್ತು. ಆ ದಿನಗಳು ಎಷ್ಟು ಚೆನ್ನಾಗಿದ್ದವು ಅಂತ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು. ಆಲ್ಬಮ್ಮುಗಳೆಲ್ಲ ಮುಗಿದರೂ ಅಕ್ಕನ ಕಾಲು ನೀರಿನಲ್ಲಿರುವ ಒಂದು ಚಿತ್ರವೂ ಸಿಗಲಿಲ್ಲ. ನನಗೆ ನಾಚಿಕೆಯಾಯಿತು.

ಮೂರು ದಿನ ಅಕ್ಕ ಫೋನು ಎತ್ತಲಿಲ್ಲ. ನಾಲ್ಕನೇ ದಿನ ಹಾಳೆ ತಿದ್ದಿ, ಅವಳ ಹೆಸರಿದ್ದಲ್ಲಿ ನನ್ನ ಹೆಸರು ಬರೆದು, ಸುರುಳಿ ಸುತ್ತಿಕೊಂಡು ಚಿಕ್ಕಲಸಂದ್ರಕ್ಕೆ ಹೋದೆ. ಅಕ್ಕ ಮಿಷನ್ ತುಳಿಯುತ್ತಿದ್ದಳು. "ಬಾ" ಎಂದಳು, ಕಾಲು ನಿಲ್ಲಿಸಲಿಲ್ಲ. ನಾನು ಹಾಳೆ ಬಿಡಿಸಿದೆ. ಅವಳು ಓರೆಗಣ್ಣಿನಲ್ಲಿ ನೋಡಿ, "ನಿಂಗೆ ಟೈಮ್‌ಟೇಬಲ್ ಬಿಟ್ರೆ ಬೇರೇನೂ ಬರಲ್ವೇನೆ?" ಎಂದಳು.

"ತಪ್ಪಾಯ್ತು ಅಕ್ಕ" ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದನ್ನು ನಮ್ಮ ಶಾಲೆಯವರು ಯಾರೂ ಕೇಳಿರಲಾರರು.

ಮಿಷನ್ ನಿಂತಿತು. ಅಕ್ಕ ಸ್ವಲ್ಪ ಹೊತ್ತು ಬಟ್ಟೆಯ ಅಂಚನ್ನು ಉಗುರಿನಿಂದ ನೀವುತ್ತಾ ಕೂತಳು. ಆಮೇಲೆ, "ಬರೀ ನಿಮ್ಮದೇ ತಪ್ಪು ಅಂತ ಹೇಳಕ್ಕಾಗಲ್ಲ ಕಣೇ" ಎಂದಳು. "ಹುಡುಗಿ ಆಗಿದ್ದಾಗ ಆಸೆ ಇತ್ತು. ವರ್ಷ ಕಳೀತಾ ಕಳೀತಾ ಭಯ ಶುರುವಾಯ್ತು. ಸಾಮಾನು ನೋಡ್ಕೋತೀನಿ ಅಂದ್ಬಿಟ್ರೆ ಭಯ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಈಗ ನೋಡು, ಜಗಳ ಆಡಿ ಬಂದ್ಬಿಟ್ಟೆ. ಇಳಿ ಅಂದ್ರೆ ಇಳೀತೀನಾ? ಅದೂ ಗೊತ್ತಿಲ್ಲ. ಅರವತ್ತೇಳು ನಂಗೆ."

ಇಬ್ಬರೂ ಕಾಫಿ ಕುಡಿದೆವು. ಅಷ್ಟು ದೂರ ಹೋಗಿ ಹೆದರಿ ನಿಲ್ಲುವ ಬದಲು ಇಲ್ಲೇ ಒಂದು ಸಲ ನೋಡಿಬಿಡೋಣ ಎಂದು ತೀರ್ಮಾನವಾಯಿತು. ಜಯನಗರದ ಕಡೆ ಒಂದು ಈಜುಕೊಳದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಹೆಂಗಸರ ಬ್ಯಾಚು ಇತ್ತು. ಈಜುವ ಉಡುಪು ಕಡ್ಡಾಯ. ಫೋರ್ತ್ ಬ್ಲಾಕಿನ ಅಂಗಡಿಯಲ್ಲಿ ಅಕ್ಕ ಆ ಉಡುಪನ್ನು ಒಳಗಿಂದ ಹೊರಗೆ ತಿರುಗಿಸಿ ಹೊಲಿಗೆ ನೋಡಿದಳು. "ಇದು ನನ್ನ ಒಂದು ತೋಳಿಗೆ ಸಾಲಲ್ಲ" ಎಂದು ಅಂಗಡಿಯವರ ಮುಂದೆಯೇ ಹೇಳಿ ಹೊರಬಂದಳು. ಎಳೆದರೆ ಹಿಗ್ಗುವ ನೀಲಿ ಬಟ್ಟೆ ಕೊಂಡು, ಮಣಿಕಟ್ಟಿನಿಂದ ಹಿಮ್ಮಡಿಯವರೆಗೆ ಮುಚ್ಚುವ ಎರಡು ಜೊತೆ ತಾನೇ ಹೊಲಿದಳು. ತನ್ನದರಲ್ಲಿ ಎದೆಯ ಒಳಭಾಗಕ್ಕೆ ಒಂದು ಪುಟ್ಟ ಜೇಬು, ಕೊರಳಿನ ಲಿಂಗದ ಕರಡಿಗೆ ನೀರಿನಲ್ಲಿ ಅಲ್ಲಾಡದಂತೆ ಇರಲಿಕ್ಕೆ.

ಕೊಳದಲ್ಲಿ ಕಲಿಸುವವರು ಸೆಲ್ವಿ ಮೇಡಂ, ಐವತ್ತರ ಆಸುಪಾಸು, ಕೊರಳಲ್ಲಿ ಸೀಟಿ. "ಆಂಟಿ, ಇಲ್ಲಿ ನಾಲ್ಕೇ ಅಡಿ. ನಿಂತ್ಕೊಂಡ್ರೆ ಎದೆವರೆಗೂ ಬರತ್ತೆ ಅಷ್ಟೆ" ಎಂದು ಧೈರ್ಯ ಹೇಳಿದರು. ಮೊದಲ ದಿನವೇ ನೀರಿನಿಂದ ಒಂದು ತಲೆ ಮೇಲೆದ್ದು, "ಉಮಾ ಮಿಸ್!" ಎಂದು ಕೂಗಿತು. ಯಾವುದೋ ಬ್ಯಾಚಿನ ನನ್ನ ವಿದ್ಯಾರ್ಥಿನಿ. ನಾನು ಆ ನೀಲಿ ಪೋಷಾಕಿನಲ್ಲಿ ಎಲ್ಲಿ ಅಡಗಿಕೊಳ್ಳಲಿ? ಅಕ್ಕ ಮಾತ್ರ ಎರಡು ದಿನವೂ ಕಟ್ಟೆಯ ಮೇಲೆ ಕೂತು ಪಾದ ಇಳಿಬಿಟ್ಟದ್ದಷ್ಟೇ. ನನ್ನ ಟವೆಲ್ಲನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡಿದ್ದಳು. ಸೆಲ್ವಿ ಮೇಡಂ ಕರೆದರೆ "ನಾಳೆ, ನಾಳೆ" ಎನ್ನುತ್ತಿದ್ದಳು.

ಮೂರನೇ ದಿನ ನಾನು ಅವಳಿಗೆ ಧೈರ್ಯ ತುಂಬಲು ಹೊರಟೆ. ನನಗೇನು ಈಜು ಬರುತ್ತದೆಯೇ? ಇಲ್ಲ. ಆದರೂ ಕಟ್ಟೆಯ ಮೇಲಿದ್ದ ಅವಳಿಗೆ ಎದುರಾಗಿ ನೀರಿನಲ್ಲಿ ಹಿಮ್ಮುಖವಾಗಿ ನಡೆಯುತ್ತಾ, "ನೋಡು ಅಕ್ಕ, ಏನೂ ಇಲ್ಲ, ಸುಮ್ನೆ ಹಿಂಗೆ" ಎನ್ನುತ್ತಿದ್ದೆ. ಕಾಲು ಜಾರಿತು. ಮೂಗು, ಬಾಯಿ, ಕಿವಿ ಎಲ್ಲ ನೀರು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ನಾಲ್ಕು ಅಡಿ ನೀರಿನಲ್ಲಿ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಗ ಒಂದು ಕೈ ನನ್ನ ತುರುಬನ್ನು ಹಿಡಿದು ಎಳೆಯಿತು.

"ನಿಂತ್ಕೊಳೇ! ಕಾಲು ಊರು, ಕಾಲು!"

ಕಾಲೂರಿ ನಿಂತೆ. ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟರೆ ಎದುರಿಗೆ ಅಕ್ಕ. ಎದೆಮಟ್ಟದ ನೀರಿನಲ್ಲಿ, ಕನ್ನಡಕ ಹಾಕಿಕೊಂಡೇ, ನನ್ನ ಟವೆಲ್ ಹೆಗಲ ಮೇಲೆ ತೊಪ್ಪೆಯಾಗಿ. ಅಷ್ಟರಲ್ಲಿ ಸೆಲ್ವಿ ಮೇಡಂ ಬಂದರು. ನಾನು ಬದುಕಿದ್ದೇನೆ ಅಂತ ಖಾತ್ರಿಯಾದ ಮೇಲೆ, "ಆಂಟಿ, ಇಳಿದೇಬಿಟ್ರಲ್ಲ!" ಎಂದು ಅಕ್ಕನನ್ನು ನೋಡಿ ನಕ್ಕರು.

ಅಕ್ಕ ಆಗ ತಾನೇ ತಿಳಿದವಳಂತೆ ಕೆಳಗೆ ನೋಡಿಕೊಂಡಳು. ಹೆದರಿ ಮೇಲೆ ಹತ್ತುತ್ತಾಳೆ ಅಂದುಕೊಂಡೆ. ಅವಳು ಎರಡೂ ಅಂಗೈಗಳನ್ನು ನೀರಿನ ಮೇಲೆ ಇಟ್ಟು, ಬಟ್ಟೆಯ ಸುಕ್ಕು ತೆಗೆಯುವ ಹಾಗೆ ಆಚೆ ಈಚೆ ಸವರಿದಳು. ಹೀಗೆ ಸುಮಾರು ಹೊತ್ತು. ಆಮೇಲೆ ನನಗೆ ಹೇಳಿದಳು: "ನೀನು ಮೇಲೆ ಹೋಗಿ ಕೂತ್ಕೋ. ನಾನು ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ." ನನಗೆ ಅಳು ಬಂತು. ಮುಖವೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಹೊರಟೆವು. ಅಥೆನ್ಸಿನ ಗುಡ್ಡದ ಮೇಲೆ ನಾನು ಒಂದೊಂದು ಕಂಬದ ಮುಂದೆಯೂ ನಿಂತು ಪಾಠ ಮಾಡಿದೆ. ಅಕ್ಕ ಪಾಪ, ಎಲ್ಲವನ್ನೂ ಕೇಳಿಸಿಕೊಂಡಳು. ಕ್ರೀಟ್ ತಲುಪಿದ ಮರುದಿನ ಬೆಳಗ್ಗೆ ಕಡಲಿಗೆ ಹೋದೆವು. ಮೇಘನಾ ಒಂದು ಕೈ ಹಿಡಿದಳು, ಯಜಮಾನರು ಇನ್ನೊಂದು ಕೈ ಹಿಡಿಯಲು ಹೋದರು. "ಬೇಡಿ, ನಾನೇ ಹೋಗ್ತೀನಿ" ಎಂದು ಅಕ್ಕ ಇಬ್ಬರನ್ನೂ ಬಿಡಿಸಿಕೊಂಡು ನಡೆದಳು. ಸೊಂಟದವರೆಗೆ ಹೋಗಿ ಒಮ್ಮೆ ನಿಂತಳು. ಅಲೆಯೊಂದು ಬಂದು ತಳ್ಳಿತು. ತೂರಾಡಿದಳು, ಬೀಳಲಿಲ್ಲ, ಮುಂದೆ ಹೋದಳು.

ನಾನು ನಾಲ್ಕು ಬ್ಯಾಗು, ನಾಲ್ಕು ಜೊತೆ ಚಪ್ಪಲಿ ಇಟ್ಟುಕೊಂಡು ಮರಳಿನಲ್ಲಿ ಕೂತೆ. ಹನ್ನೆರಡಾಯಿತು. ಅರಮನೆಗೆ ಹೋಗುವ ಬಸ್ಸಿನ ಹೊತ್ತು. ಕರೆದೆ. "ನಾನು ಬರಲ್ಲ! ನೀವು ಹೋಗ್ಬಿಟ್ಟು ಬನ್ನಿ!" ಎಂದು ಅಕ್ಕ ಬೆನ್ನು ತಿರುಗಿಸಿಕೊಂಡೇ ಕೂಗಿದಳು. ಯಾವ ಪ್ರವಾಸದಲ್ಲೂ ಅವಳು ಬರಲ್ಲ ಅಂದದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಯಾರೂ ಅರಮನೆಗೆ ಹೋಗಲಿಲ್ಲ.

ಮೂರು ಗಂಟೆ ಹೊತ್ತು ಹಾಗೆಯೇ ಕೂತಿದ್ದೆ. ಬಿಸಿಲು ಸುಡುತ್ತಿತ್ತು, ಹಸಿವಾಗಿತ್ತು, ಬ್ಯಾಗು ಬಿಟ್ಟು ಏಳುವಂತಿರಲಿಲ್ಲ. ಮುಂದೆ ಮೂವರೂ ನಗುತ್ತಿದ್ದರು, ಏನಕ್ಕೆ ಅಂತ ನನಗೆ ಕೇಳಿಸುತ್ತಿರಲಿಲ್ಲ. ಒಂದು ಸಲ ಯಾರಾದರೂ ತಿರುಗಿ ನೋಡಿ ಕೈ ಬೀಸಲಿ ಅಂತ ಅನ್ನಿಸಿತು. ಯಾರೂ ನೋಡಲಿಲ್ಲ. ಅಕ್ಕನೂ ನೋಡಲಿಲ್ಲ. ಅದು ಅವರ ತಪ್ಪಲ್ಲ, ನೀರಿನಲ್ಲಿ ಆಡುತ್ತಿರುವವರಿಗೆ ದಡದ ನೆನಪಿರುವುದಿಲ್ಲ. ಮಲ್ಪೆಯಲ್ಲಿ ನನಗೂ ಇರಲಿಲ್ಲ. ಹದಿನಾಲ್ಕು ವರ್ಷದ ಒಂದು ಹುಡುಗಿ ಅಲ್ಲಿ ಕೂತು ನಮ್ಮ ಬೆನ್ನುಗಳನ್ನೇ ನೋಡುತ್ತಾ ಎಷ್ಟು ಹೊತ್ತು ಕಾದಿದ್ದಳೋ.