ಮೊದಲ ಸ್ಥಾನದ ಚಿತ್ರಕ್ಕೊಂದು ಮಧ್ಯಂತರ

ಮೊನ್ನೆ ನವಿ ಮುಂಬಯಿಯ ಸೀವುಡ್ಸ್‌ನ ಥಿಯೇಟರಿನಲ್ಲಿ ಮಧ್ಯಂತರದ ದೀಪ ಹತ್ತಿದಾಗ ಹಿಂದಿನ ಸಾಲಿನಿಂದ ಕಾಫಿಯ ಪರಿಮಳ ಬಂತು. ಯಾರೋ ಪುಣ್ಯಾತ್ಮರು ಕಾವಲಿನವರ ಕಣ್ಣು ತಪ್ಪಿಸಿ ಫ್ಲಾಸ್ಕ್ ತಂದಿದ್ದರು. ಆ ಪರಿಮಳ ನನ್ನನ್ನು ನೇರವಾಗಿ ಡೊಂಬಿವಲಿಯ ಕನ್ನಡ ಸಂಘದ ಸಭಾಂಗಣಕ್ಕೆ ಒಯ್ದಿತು.

ನನ್ನದೊಂದು ಚಟವಿದೆ, ನೀವು ನಗಬಾರದು. ಕಾಲೇಜಿನ ದಿನಗಳಿಂದಲೂ ನೋಡಿದ ಪ್ರತಿ ಚಿತ್ರದ ತಾರೀಖು ಬರೆದಿಟ್ಟು, ಅಂಕ ಕೊಟ್ಟು, ಡಿಸೆಂಬರ್ ಕೊನೆಗೆ ವರ್ಷದ ಹತ್ತನ್ನು ಆರಿಸುತ್ತೇನೆ. ಕಥಾಚಿತ್ರ, ಸಾಕ್ಷ್ಯಚಿತ್ರ ಎಲ್ಲಕ್ಕೂ ಒಂದೇ ಸಾಲು. ಇದು ಆರನೆಯದೋ ಏಳನೆಯದೋ ಎಂಬ ಚಿಂತೆಯಲ್ಲಿ ಲೋಕಲ್ ರೈಲಿನಿಂದ ಡೊಂಬಿವಲಿ ಬಿಟ್ಟು ಕಲ್ಯಾಣದಲ್ಲಿ ಇಳಿದದ್ದೂ ಉಂಟು. ಚಿತ್ರವನ್ನು ಒಬ್ಬಳೇ ನೋಡಬೇಕು, ಪಕ್ಕದವರ ಅಭಿಪ್ರಾಯ ಕಿವಿಗೆ ಬಿದ್ದರೆ ಲೆಕ್ಕ ಕೆಡುತ್ತದೆ ಎಂದು ನಂಬಿದ್ದೆ.

ಡಿವಿಡಿಗಳ ಕಾಲ ಮುಗಿಯುತ್ತಿದ್ದ ಒಂದು ವರ್ಷ, ಸಂಘದವರು ನಮ್ಮಂಥ ಎಳೆಯರಿಗೆ ಜನವರಿಯ ಒಂದು ಸಂಜೆಯನ್ನು ಬಿಟ್ಟುಕೊಟ್ಟರು. ನನ್ನ ಪಟ್ಟಿಯ ಮೊದಲನೆಯದನ್ನು ತೋರಿಸುವುದೆಂದಾಯಿತು. ಕಾರ್ಯದರ್ಶಿಗಳ ಷರತ್ತು ಒಂದೇ: "ಜನ ಕೂತರೆ ವರ್ಷವರ್ಷವೂ ಈ ಸಂಜೆ ನಿಮ್ಮದು. ಎದ್ದು ಹೋದರೆ ಮುಂದಿನ ಸಲ ಅಂತ್ಯಾಕ್ಷರಿ."

ಮೊದಲ ಸ್ಥಾನದಲ್ಲಿದ್ದದ್ದು ಒಂದು ಸಾಕ್ಷ್ಯಚಿತ್ರ. ಅಪ್ಪನ ಮದುವೆ ಬ್ಯಾಂಡಿನಲ್ಲಿ ತಾನೂ ಕ್ಲಾರಿನೆಟ್ ನುಡಿಸುತ್ತೇನೆಂದು ಹಟ ಹಿಡಿದ ಹುಡುಗಿಯನ್ನು ಕುರಿತದ್ದು. ನಟರಿಲ್ಲ, ಅವಸರವಂತೂ ಇಲ್ಲವೇ ಇಲ್ಲ. ಅರ್ಧ ಗಂಟೆಯಲ್ಲೇ ಕುರ್ಚಿಗಳು ಕಿರುಗುಟ್ಟತೊಡಗಿದವು. ಹಿಂದಿನ ಸಾಲು ಖಾಲಿಯಾಯಿತು. ನನ್ನ ಕಿವಿಯಲ್ಲಿ ಆಗಲೇ ಅಂತ್ಯಾಕ್ಷರಿ ಶುರುವಾಗಿತ್ತು.

ಅಷ್ಟರಲ್ಲಿ ದೀಪ ಹತ್ತಿತು. ತೆರೆಯ ಮೇಲೆ ಹುಡುಗಿ ಕ್ಲಾರಿನೆಟ್ಟಿಗೆ ಕೈ ಚಾಚಿದ್ದಾಳೆ, ಅಪ್ಪ ಏನೋ ಹೇಳಲು ಬಾಯಿ ತೆರೆದಿದ್ದಾನೆ, ಚಿತ್ರ ನಿಂತುಬಿಟ್ಟಿದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದವರು ನನ್ನ ಮಾವ, ಅಮ್ಮನ ಅಣ್ಣ. ಠಾಣೆಯ ನೌಪಾಡಾದಲ್ಲಿ ಅವರ ಹೋಟೆಲು. ಸಂಘದ ಯಾವ ಕಾರ್ಯಕ್ರಮವಿರಲಿ, ನಡುವಿನ ಕಾಫಿ-ಗೋಳಿಬಜೆ ಅವರದೇ.

"ಮಾವಾ! ಇದಕ್ಕೆ ಇಂಟರ್ವಲ್ ಇಲ್ಲ!"

"ಇಲ್ಲದಿದ್ರೆ ಮಾಡಬೇಕು ಮಾರಾಯ್ತಿ. ಗೋಳಿಬಜೆ ತಣ್ಣಗಾದ್ರೆ ನಿನ್ನ ಸಿನೆಮಾ ಬಂದು ಬಿಸಿ ಮಾಡ್ತದಾ?"

ಚಿತ್ರವನ್ನು ಮತ್ತೆ ಓಡಿಸಲು ಲ್ಯಾಪ್‌ಟಾಪಿನತ್ತ ನಡೆದೆ. ಆದರೆ ತಟ್ಟೆ ಹಿಡಿದವರೆಲ್ಲ ತೆರೆಯನ್ನೇ ನೋಡುತ್ತಿದ್ದರು.

"ಅಪ್ಪ ಆದಾಂವ ಕೊಡೂದಿಲ್ಲ ಬಿಡ್ರಿ," ಎಂದರು ನಾವೆಲ್ಲ ಕಾಕು ಎಂದು ಕರೆಯುವ, ಧಾರವಾಡದ ಕಡೆಯ ಹೆಂಗಸೊಬ್ಬರು.

"ಯಾಕೆ ಕೊಡುದಿಲ್ಲ? ನಾನು ಗಲ್ಲಾದಲ್ಲಿ ಮಗಳನ್ನು ಕೂರಿಸ್ಲಿಲ್ವಾ?" ಮಾವ ಕೆಟಲಿನೊಂದಿಗೆ ಅಲ್ಲೇ ನಿಂತರು.

"ಕೂಡಿಸೀರಿ. ನೀವು ಎದ್ದೀರೇನು ಅಲ್ಲಿಂದ?"

"ದೇಗಾ ಆಂಟಿ, ಪಕ್ಕಾ ದೇಗಾ! ಕೊಟ್ಟೇ ಕೊಡ್ತಾನೆ!" ಬಾಗಿಲಲ್ಲಿ ಬೈಕಿನ ಕೀಲಿ ತಿರುಗಿಸುತ್ತಿದ್ದ ಹುಡುಗನೊಬ್ಬ ಒಳಗೆ ಬಂದು ಕೂತ.

ಕೆಳಗಿಳಿದು ಹೋಗಿದ್ದವರನ್ನೂ ಯಾರೋ ಕರೆತಂದರು. ಮತ್ತೆ ಕತ್ತಲಾದಾಗ ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ. ಅಪ್ಪ ಕೊನೆಗೂ ಕ್ಲಾರಿನೆಟ್ ಕೊಟ್ಟಾಗ ಕಾಕು "ಸೋತೆ ಬಿಡ್ರಿ" ಎಂದು ಕಣ್ಣೊರೆಸಿಕೊಂಡರು. ಒಬ್ಬಳೇ ಕೂತು ಅಂಕ ಕೊಟ್ಟಿದ್ದ ಚಿತ್ರವನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ.

ಆ ಸಂಜೆ ಇಂದಿಗೂ ನಮ್ಮದೇ. ಈ ವರ್ಷ ಒಂದು ಕಥಾಚಿತ್ರವೂ ಒಂದು ಸಾಕ್ಷ್ಯಚಿತ್ರವೂ ಸಮಸಮವಾಗಿ ನಿಂತಿವೆ. ಅಂಕ ಕೂಡಿಸಿ ಕೂಡಿಸಿ ಸಾಕಾಗಿ ಮಾವನಿಗೆ ಫೋನ್ ಮಾಡಿದೆ.

"ಯಾವುದಾದ್ರೂ ಹಾಕು ಮಗಾ. ಎಲ್ಲಿ ನಿಲ್ಲಿಸಬೇಕು, ಅದು ಮಾತ್ರ ಮೊದಲೇ ಹೇಳು."

ಎರಡನ್ನೂ ಇನ್ನೊಮ್ಮೆ ನೋಡುತ್ತಿದ್ದೇನೆ. ಯಾವುದನ್ನು ನಡುವೆ ನಿಲ್ಲಿಸಿದರೆ ಜನ ಹೆಚ್ಚು ಜಗಳಾಡುತ್ತಾರೋ, ಅದಕ್ಕೇ ಈ ಸಲ ಮೊದಲ ಸ್ಥಾನ.