ಕುಂಕುಮ ಹಚ್ಚಿದ ಚಾಕು

ಸೊರಬದ ಕಾಲೇಜಿನಲ್ಲಿ ನನಗೆ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಶಿಕಾರಿಪುರದಿಂದ ದಿನವೂ ಬಸ್ಸಿನಲ್ಲಿ ಹೋಗಿಬರಬಹುದಿತ್ತು. ಆದರೆ ವಾಪಸ್ ಬರುವಾಗ ಕತ್ತಲಾಗುತ್ತದೆಂದು ಅಮ್ಮ ಒಪ್ಪಲಿಲ್ಲ. ಯಾರಿಗೋ ಚಾಕು ತೋರಿಸಿ ಸರ ಕಿತ್ತುಕೊಂಡ ಸುದ್ದಿಯನ್ನು ಟಿವಿಯಲ್ಲಿ ನೋಡಿದ್ದಳು. ಕೊನೆಗೆ ಒಂದು ರಾಜಿಯಾಯಿತು. ಊರಿನಲ್ಲಿ ಹೆಂಗಸರಿಗಾಗಿ ನಡೆಯುತ್ತಿದ್ದ ಆತ್ಮರಕ್ಷಣೆಯ ತರಗತಿಗೆ ನಾನು ಹೋಗಬೇಕು, ಕಲಿತದ್ದನ್ನು ಅಮ್ಮ ಕಣ್ಣಾರೆ ನೋಡಬೇಕು. ಕೆಲಸದ ಮಾತು ಆಮೇಲೆ.

ತರಬೇತಿ ಕೊಡುವ ಮೇಡಂ ಮರದ ಚಾಕುವಿನ ಅಂಚಿಗೆ ಒದ್ದೆ ಕುಂಕುಮ ಹಚ್ಚಿಕೊಂಡು ಬರುತ್ತಿದ್ದರು. ತಾಗಿದಲ್ಲೆಲ್ಲ ಕೆಂಪು ಗೆರೆ. ಅವರ ಕೈ ಹಿಡಿದು ತಿರುಚುವುದನ್ನು ಕಲಿಯುತ್ತೇನೆಂದುಕೊಂಡಿದ್ದ ನನಗೆ ದಿನವೂ ದುಪಟ್ಟಾ ಒಗೆಯುವುದೇ ಆಯಿತು.

"ಚಾಕು ಕಣ್ಣಿಗೆ ಕಂಡು ನಿಮ್ಮ ಕೈ ಏಳೋದ್ರೊಳಗೆ ಅದು ಬಂದು ಮುಟ್ಟಿರುತ್ತೆ. ದೂರ ಇದ್ರೆ ಹೊತ್ತು ಸಿಗುತ್ತೆ. ಹೊತ್ತು ಸಿಕ್ರೆ ಓಡ್ರಿ," ಎಂದರು ಮೇಡಂ.

ಭೌತಶಾಸ್ತ್ರ ಓದಿದ ನನಗೆ ಇದು ಸರಿಯೆನಿಸಿತು. ಅಮ್ಮನಿಗೆ ಹೇಗೆ ತೋರಿಸುವುದೆಂದು ಮಾತ್ರ ತಿಳಿಯಲಿಲ್ಲ.

ಕೊನೆಯ ದಿನ ಅಮ್ಮ ಬಂದಳು. "ನೀವೇ ಮಗಳಿಗೆ ಚುಚ್ಚಿ ನೋಡ್ರಿ ಅಮ್ಮ," ಎಂದು ಮೇಡಂ ಚಾಕು ಚಾಚಿದರು. ಅಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ಕೆಳಗಿಡ್ರೀ. ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ."

"ಜಗಳಕ್ಕೇ ಅಲ್ವೇನ್ರೀ ಕೊಡ್ತಿರೋದು!"

ಎಲ್ಲರೂ ನಕ್ಕರು. ಮೇಡಂ ಚಾಕುವನ್ನು ನೆಲದ ಮೇಲಿಟ್ಟರು. ಅಮ್ಮ ಬಗ್ಗಿ ಅದನ್ನು ಎತ್ತಿಕೊಂಡು ತಿರುಗುವಷ್ಟರಲ್ಲಿ, ಪಕ್ಕದಲ್ಲೇ ಇದ್ದ ನಾನು ಬಾಗಿಲು ದಾಟಿದ್ದೆ.

"ಎಲ್ಲಿ ಹೋದ್ಲು ಇವಳು?" ಎಂದು ಅತ್ತಿತ್ತ ನೋಡಿದ ಅಮ್ಮ, ನಾನು ಹೊಸ್ತಿಲಾಚೆ ಕಂಡಾಗ ರೇಗಿದಳು. "ಇದು ಮೋಸ! ಇಲ್ಲಿ ಬಾ, ಮುಂದೆ ನಿಲ್ಲು."

ಹೋಗಿ ನಿಂತೆ. ನನ್ನ ಕೈ ಏಳುವ ಮೊದಲೇ ಹೊಟ್ಟೆಯ ಮೇಲೆ ಕೆಂಪು ಗೆರೆ ಬಿತ್ತು.

"ನೋಡ್ರೀ ಮೇಡಂ, ಮುಗೀತು ಕಥೆ!" ಎಂದು ಅಮ್ಮ ಗೆದ್ದವಳಂತೆ ನಕ್ಕಳು. ಕೆಲಸ ಹೋಯಿತು ಅಂದುಕೊಂಡೆ. ಆದರೆ ಅವಳು ಆ ಗೆರೆಯನ್ನೂ ಬಾಗಿಲನ್ನೂ ಒಂದೆರಡು ಸಲ ನೋಡಿದಳು.

"ಆವಾಗ ಸಿಗ್ಲಿಲ್ವಲ್ಲೇ ನೀನು," ಎಂದಳು.

"ಆವಾಗ ಹೊತ್ತು ಸಿಕ್ಕಿತ್ತು," ಎಂದೆ.

ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಒಂದು ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿದಳು.

"ಇವಳಿಗೊಂದು ಜೊತೆ ಶೂ ಕೊಡ್ರೀ. ದಿನಾ ಸೊರಬಕ್ಕೆ ಹೋಗಿಬರಬೇಕು. ಚೆನ್ನಾಗಿ ಓಡೋಕೆ ಬರಬೇಕು."

ಅಂಗಡಿಯವರು ನನ್ನನ್ನು ಒಮ್ಮೆ, ಅಮ್ಮನನ್ನು ಒಮ್ಮೆ ನೋಡಿದರು.

"ಯಾಕ್ರೀ, ಬಸ್ಸಿಲ್ವಾ?"